ಮರಿಯ ಕಣ್ಣು ಬಿಡಿಸಿದವಳು

ಟಣ್, ಟಣ್, ಟಣ್. ಸ್ಟೀಲ್ ಡಬ್ಬಿಯ ಮುಚ್ಚಳದಿಂದ ಕಬ್ಬಿಣದ ಗೇಟಿಗೆ ಮೂರೇ ಪೆಟ್ಟು. ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷ ಇರುವಾಗ ಆ ಸದ್ದು ಬಂತೆಂದರೆ ರಾಮನಗರದ ನಮ್ಮ ಬೀದಿಯಲ್ಲಿ ಮಲಗಿದ್ದವರೂ ಎದ್ದು ಕೂರುತ್ತಿದ್ದರು. ನಮ್ಮ ಗೇಟಿಗೆ ಕಾಲಿಂಗ್ ಬೆಲ್ ಇತ್ತು. ನನ್ನ ಯಜಮಾನರು ಆಸೆಪಟ್ಟು ಹಾಕಿಸಿದ್ದು. ಒತ್ತಿದರೆ ಹಕ್ಕಿಯ ಹಾಗೆ ಕೂಗುತ್ತಿತ್ತು. ಅವಳು ಒಂದು ದಿನವೂ ಅದನ್ನು ಒತ್ತಲಿಲ್ಲ.

"ಬೆಲ್ ಇದೆಯಲ್ಲ, ಒತ್ತಬಾರದಾ?" ಅಂದೆ ಒಮ್ಮೆ.

"ಹಕ್ಕಿ ಕೂಗಿದ್ರೆ ಮನುಷ್ರು ಬಂದವ್ರೆ ಅಂತ ನಿಮ್ಗೆ ಎಂಗ್ ಗೊತ್ತಾಗ್ಬೇಕು ಟೀಚ್ರಮ್ಮ?"

ಅವಳು ಹೋದಳು ಅನ್ನುವ ಸುದ್ದಿ ಹೋದ ತಿಂಗಳು ಬಂತು. ಸತ್ತವರ ಬಗ್ಗೆ ಮೆತ್ತಗೆ ಮಾತಾಡಬೇಕು, ಅದು ಡೀಸೆನ್ಸಿ, ಅಂತ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್‌ಗಳು ಕಲಿಸಿದ್ದರು. ಅವಳ ಬಗ್ಗೆ ಮೆತ್ತಗೆ ಬರೆದರೆ ಅದು ಬೇರೆ ಯಾರದೋ ಚಿತ್ರವಾಗುತ್ತದೆ. ಬಹುವಚನ ಹಾಕೋಣವೇ ಅಂತಲೂ ಒಂದು ಗಳಿಗೆ ಅನ್ನಿಸಿತು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಅಷ್ಟೇ. ನಾನು ಕೊನೆಯವರೆಗೂ 'ಬಾ, ಹೋಗು' ಅಂದೆ, ಅವಳು 'ಬನ್ನಿ, ಹೋಗಿ' ಅಂದಳು. ಇದ್ದಾಗ ಕೊಡದ ಮರ್ಯಾದೆಯನ್ನು ಈಗ ಕಾಗದದ ಮೇಲೆ ಕೊಟ್ಟು ನಾನು ದೊಡ್ಡ ಮನುಷ್ಯಳಾಗುವುದು ಬೇಡ. ಹೆಸರನ್ನೂ ಬರೆಯುವುದಿಲ್ಲ. ಬರೆದರೆ ನನ್ನ ಮೈದುನನ ಹೆಸರನ್ನೂ ಬರೆಯಬೇಕಾಗುತ್ತದೆ. ಅವನು ಇದನ್ನು ಓದುತ್ತಾನೆ. ಓದಲಿ.

ನಮ್ಮ ಮನೆಯ ಹಿಂದೆ, ಒಂದೇ ಕಾಂಪೌಂಡಿನಲ್ಲಿ, ಮೈದುನನ ರೇಷ್ಮೆ ಶೆಡ್. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುವ ಜಾಗ. ಆರು ಬೇಸಿನ್, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು, ಇಡೀ ದಿನ ಕೈ ಬಿಸಿನೀರಿನಲ್ಲಿ. ಕಿಟಕಿಯ ಪಕ್ಕದ ಮೂರನೆಯದು ಅವಳದು. ದೊಡ್ಡಮಳೂರಿನ ಆಚೆಯ ಹಳ್ಳಿಯಿಂದ ಚನ್ನಪಟ್ಟಣಕ್ಕೆ ಬಸ್ಸು, ಅಲ್ಲಿಂದ ನಮ್ಮೂರಿಗೆ ರೈಲು. ಕೆಲಸದವರಿಗೆಂದು ಹಿಂದಿನ ಓಣಿಯಲ್ಲಿ ಬೇರೆ ಬಾಗಿಲಿತ್ತು. ಉಳಿದ ಐವರೂ ಅಲ್ಲಿಂದಲೇ ಬರುತ್ತಿದ್ದರು. ಇವಳು ಮಾತ್ರ ನಮ್ಮ ಮನೆಯ ಮುಂದಿನ ಗೇಟಿನಿಂದ ಬಂದು, ತುಳಸಿಯ ಪಕ್ಕ ಹಾದು, ಹಿತ್ತಲಿನ ಮೂಲಕ ಶೆಡ್ಡಿಗೆ ಹೋಗುವಳು. ಮೈದುನ ಒಂದು ಸಲ ತಡೆದು ಹಿಂದಿನ ಬಾಗಿಲು ತೋರಿಸಿದ.

"ಹಿಂದ್ಲ ಬಾಗ್ಲಲ್ಲಿ ಬರಕ್ಕೆ ನಾನೇನು ಗೂಡು ಕದಿಯಕ್ಕೆ ಬತ್ತಿದ್ದೀನಾ ಸಾಮೇರೆ?" ಅಂದಳು. ಅವನು ಮತ್ತೆ ಕೇಳಲಿಲ್ಲ.

ಕುಳ್ಳಗೆ, ಕಪ್ಪಗೆ ಇದ್ದಳು. ಸೊಂಟಕ್ಕೆ ಸಿಕ್ಕಿಸಿದ ಸೆರಗು, ಎಲೆಅಡಿಕೆಗೆ ಕೆಂಪಾದ ಬಾಯಿ. ಮೈಯೆಲ್ಲ ಕಪ್ಪಗಿದ್ದರೂ ಬೆರಳ ತುದಿಗಳು ಮಾತ್ರ ಬಿಳಿಚಿಕೊಂಡು, ನೆನೆಹಾಕಿದ ಅವರೆಕಾಳಿನ ಸಿಪ್ಪೆಯಂತೆ ಸುಕ್ಕುಗಟ್ಟಿದ್ದವು. ಬೆಂದ ಹುಳುವಿನ ವಾಸನೆ ಅವಳ ಸೀರೆಯಲ್ಲೇ ನೆಲೆಸಿತ್ತು. ಐ ಮಸ್ಟ್ ಬಿ ಆನೆಸ್ಟ್, ಮೊದಮೊದಲು ಅವಳು ಹಾದುಹೋದ ಮೇಲೆ ನಾನು ಅಗರಬತ್ತಿ ಹಚ್ಚುತ್ತಿದ್ದೆ. ಅವಳಿಗೆ ಅದು ಗೊತ್ತಿತ್ತು.

"ಈ ವಾಸ್ನೆ ಇರಾದ್ರಿಂದ್ಲೇ ಕಣಮ್ಮ ಇಷ್ಟು ವರ್ಷ ರೈಲಲ್ಲಿ ಕೂತ್ಕೊಂಡು ಬಂದಿದ್ದೀನಿ. ನಾನು ಹತ್ತಿದ್ರೆ ಸಾಕು, ಎರಡು ಸೀಟು ಖಾಲಿ ಆಯ್ತದೆ. ನೀವೂ ಒಂದಿನ ಬೇಸಿನ್ ಮುಂದೆ ಕೂತು ನೋಡಿ, ಬೆಂಗ್ಳೂರ್ಗಂಟ ಕಾಲು ಚಾಚ್ಕೊಂಡು ಓಗ್ಬೋದು."

ಒಮ್ಮೆ ಇಲಾಖೆಯ ಅಧಿಕಾರಿಯೊಬ್ಬರು ಟ್ರೈನಿಂಗ್ ಕೊಡಲು ಬಂದರು. ನೀರು ಇಷ್ಟೇ ಡಿಗ್ರಿ ಇರಬೇಕು, ಥರ್ಮಾಮೀಟರ್ ಇಡಬೇಕು ಅಂತ ಅವರು ಹೇಳುತ್ತಿದ್ದರೆ ಇವಳು ಎಲೆಗೆ ಸುಣ್ಣ ಸವರುತ್ತ ಕೂತಿದ್ದಳು. "ನಿಮಗೆ ಹೇಗೆ ಗೊತ್ತಾಗುತ್ತಮ್ಮ ನೀರಿನ ಬಿಸಿ?" ಅಂತ ಅವರು ಕೇಳಿದರು. "ಸದ್ದು ಕೇಳ್ತದೆ, ಹಬೆ ಕಾಣ್ತದೆ, ಗೂಡು ಮುಳುಗ್ತದೆ. ಇನ್ನೇನ್ ಬೇಕು?" ಅಂದಳು. ಕೈ ಹಾಕಿ ನೋಡುತ್ತೇನೆ ಅನ್ನಲಿಲ್ಲ. ಆಗ ನಾನದನ್ನು ಗಮನಿಸಲಿಲ್ಲ.

ಅವಳಿಗೆ ಮಕ್ಕಳಿರಲಿಲ್ಲ. ದೊಡ್ಡಮಳೂರಿನ ಗುಡಿಯಲ್ಲಿ ಅಂಬೆಗಾಲು ಕೃಷ್ಣನ ಮುಂದೆ ಮಕ್ಕಳಾಗದವರು ಹರಕೆಯ ತೊಟ್ಟಿಲು ಕಟ್ಟುತ್ತಾರೆ. ದಿನಾ ಆ ದಾರಿಯಲ್ಲೇ ಬಸ್ಸಿನಲ್ಲಿ ಬರುವ ಇವಳು ಒಂದು ಸಲವೂ ಅದಕ್ಕಾಗಿ ಇಳಿಯಲಿಲ್ಲ. ಅವಳ ಅತ್ತೆಯೇ ಚನ್ನಪಟ್ಟಣದಿಂದ ಬಣ್ಣದ ಪುಟ್ಟ ತೊಟ್ಟಿಲು ತಂದು ಕೈಗೆ ಕೊಟ್ಟರಂತೆ. ಅದರಲ್ಲಿ ಇವಳು ಬೆಳ್ಳುಳ್ಳಿ ಹಾಕಿಟ್ಟಳು.

"ಅವನೇ ಇನ್ನೂ ಅಂಬೆಗಾಲು ಇಡ್ತಾವ್ನೆ. ಅವನ್ನ ಹಿಡ್ಕಂಡು ನಂಗೆ ಮಗು ಕೊಡು ಅಂದ್ರೆ ಎಂಗಿರ್ತದೆ?" ಅನ್ನುವಳು. ನಗುವಳು. ಆ ನಗುವಿನ ಕೆಳಗೆ ಏನಾದರೂ ಇತ್ತೋ ನಾನು ಕೇಳಲಿಲ್ಲ. ಕೇಳಿದ್ದರೂ ಹೇಳುವವಳಲ್ಲ.

ಈಗ ಮರಿಯ ವಿಷಯ.

ಎಂಟು ವರ್ಷದ ಹಿಂದಿನ ಆಷಾಢ. ಬೀದಿಯ ಕಂದು ನಾಯಿಯೊಂದು ಶೆಡ್ಡಿನ ಬಾಯ್ಲರ್ ಪಕ್ಕ, ಸೌದೆ ಒಟ್ಟಿದ ಸಂದಿಯಲ್ಲಿ ಬೆಚ್ಚಗೆ ಮರಿ ಹಾಕಿತು. ನಾಲ್ಕು ಮರಿ. ಹದಿಮೂರನೇ ದಿನದ ಹೊತ್ತಿಗೆ ಮೂರು ಕಣ್ಣು ಬಿಟ್ಟವು. ನಾಲ್ಕನೆಯದು, ಹಣೆಯ ಮೇಲೆ ಬಿಳಿ ಮಚ್ಚೆಯ ಹೆಣ್ಣು ಮರಿ, ಬಿಡಲಿಲ್ಲ. ಮುಚ್ಚಿದ ರೆಪ್ಪೆಗಳು ನೆನೆದ ಕಡಲೆಕಾಳಿನಂತೆ ಊದತೊಡಗಿದವು. ಮೊದಲು ಕಂಡವಳು ಅವಳೇ. ಮರಿಯನ್ನು ಸೆರಗಿನಲ್ಲಿ ಇಟ್ಟುಕೊಂಡು ನನ್ನ ಹಿತ್ತಲ ಜಗಲಿಗೆ ಬಂದಳು.

"ಟೀಚ್ರಮ್ಮ, ಇದ್ರ ಕಣ್ಣು ಸರ್ಯಾಗಿಲ್ಲ. ಒಳಗೆ ಏನೋ ತುಂಬ್ಕಂಡೈತೆ. ನಿಮ್ಮ ಫೋನಲ್ಲಿ ಡಾಕ್ಟ್ರನ್ನ ಒಸಿ ಕೇಳಿ."

ನನಗೆ ನಾಯಿಯೆಂದರೆ ಚಿಕ್ಕಂದಿನಿಂದಲೂ ಭಯ. ಕಣ್ಣೆಂದರೆ ಇನ್ನೂ ಭಯ. "ಲೆಟ್ ನೇಚರ್ ಟೇಕ್ ಇಟ್ಸ್ ಕೋರ್ಸ್" ಅಂದೆ.

"ಅಂಗಂದ್ರೆ?"

"ತಾನಾಗೇ ಸರಿಹೋಗುತ್ತೆ ಅಂತ."

"ಅಷ್ಟಕ್ಕೆ ಇಂಗ್ಲೀಷ್ ಯಾಕ್ ಬೇಕಿತ್ತು," ಅಂತ ಮರಿಯನ್ನು ತೆಗೆದುಕೊಂಡು ಹೋದಳು. ಮರುದಿನ ಮತ್ತೆ ಕೇಳಿದಳು. ಅದರ ಮರುದಿನವೂ ಕೇಳಿದಳು. ಮೂರು ದಿನವೂ ನಾನು ಅದನ್ನೇ ಹೇಳಿದೆ, ಬೇರೆ ಬೇರೆ ಇಂಗ್ಲೀಷಿನಲ್ಲಿ.

ಅದರ ಮಾರನೆಯ ದಿನ, ಶುಕ್ರವಾರ, ಮೈದುನನ ಕಣ್ಣಿಗೆ ಮರಿ ಬಿತ್ತು. ಹಿಂದೊಮ್ಮೆ ಒಂದು ಕುರುಡು ಮರಿ ಬಾಯ್ಲರಿನ ಬಿಸಿನೀರಿನ ಚರಂಡಿಗೆ ಬಿದ್ದು ಸತ್ತಿತ್ತು. ಅದನ್ನು ತನ್ನ ಕೈಯಲ್ಲೇ ತೆಗೆದವನು ಅವನು. ಹೀಗಾಗಿ ಅವನ ಮಾತಿಗೂ ಒಂದು ಅರ್ಥವಿತ್ತು, ಈಗ ಒಪ್ಪುತ್ತೇನೆ.

"ಅತ್ತಿಗೆ, ಕಣ್ಣು ಕಂಡ್ರೆ ಇರ್ಲಿ. ಕಾಣ್ದಿದ್ರೆ ಈ ಶೆಡ್ಡಲ್ಲಿ ಬ್ಯಾಡ. ಸೋಮವಾರ ಬೆಂದ ಹುಳ ತುಂಬ್ಕೊಂಡು ಹೋಗೋ ಗಾಡಿ ಬರುತ್ತಲ್ಲ, ಚೀಲದಲ್ಲಿ ಹಾಕಿ ಕಳಿಸ್ಬಿಡ್ತೀನಿ. ಬೆಟ್ಟದ ಆಚೆ ಬಿಟ್ಟುಬರ್ಲಿ."

ಇಪ್ಪತ್ತು ದಿನದ ಕುರುಡು ಮರಿಯನ್ನು ಬೆಟ್ಟದ ಬಂಡೆಗಳ ನಡುವೆ ಬಿಟ್ಟುಬಂದರೆ ಏನಾಗುತ್ತದೆಂದು ಯಾರೂ ಹೇಳಬೇಕಿರಲಿಲ್ಲ. ಅವಳು ಬೇಸಿನ್ನಿನ ಮುಂದಿನಿಂದಲೇ ಕೇಳಿಸಿಕೊಂಡಿದ್ದಳು. ಊಟದ ಬಿಡುವಾದ ಕೂಡಲೇ ನೆಟ್ಟಗೆ ನನ್ನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ನಿಮ್ಮ ನೇಚರ್ಗೆ ಸೋಮವಾರ ಅನ್ನಾದು ಗೊತ್ತಾ?"

ನಾನು ಫೋನ್ ತೆಗೆದೆ. ಪಶುವೈದ್ಯೆ ನನ್ನ ಹಳೆಯ ವಿದ್ಯಾರ್ಥಿನಿ, ಲಸಿಕೆ ಹಾಕಿಸಲು ಕನಕಪುರದ ಕಡೆ ಹೋಗಿದ್ದಳು. ಫೋಟೋ ಕಳಿಸಿ ಅಂದಳು, ಕಳಿಸಿದೆ. ಕೂಡಲೇ ಅವಳೇ ಫೋನ್ ಮಾಡಿದಳು.

"ಮಿಸ್, ರೆಪ್ಪೆ ಹಿಂದೆ ಕೀವು ಕಟ್ಟಿದೆ. ನಾನು ಬರೋದು ನಾಳೆ ಸಂಜೆ, ಅಲ್ಲಿವರೆಗೆ ಕಾಯಬೇಡಿ, ಕೀವು ಕಣ್ಣನ್ನೇ ತಿಂದುಬಿಡುತ್ತೆ. ಕುದಿಸಿ ಆರಿಸಿದ ನೀರು, ಬೆಚ್ಚಗಿರಬೇಕು, ಬಿಸಿ ಇರಬಾರದು. ಹತ್ತಿ ಅದ್ದಿ ರೆಪ್ಪೆ ಮೇಲೆ ಇಡ್ತಾ ಇರಿ. ಎಳೀಬೇಡಿ. ಮೂಗಿನ ಕಡೆ ಮೂಲೆ ಮೊದಲು ಬಿಡುತ್ತೆ. ಬಿಟ್ಟ ಮೇಲೆ ಕೀವು ತೊಳೆದು ಮುಲಾಮು ಹಾಕಿ, ಹೆಸರು ಕಳಿಸ್ತೀನಿ. ಮಾಡ್ತೀರಾ ಮಿಸ್?"

ನಾನು ನನ್ನ ಕೈ ನೋಡಿಕೊಂಡೆ. ವಯಸ್ಸಿನ ನಡುಕ ಆಗಲೇ ಶುರುವಾಗಿತ್ತು. ಕಾಫಿ ಲೋಟ ಹಿಡಿದರೆ ಸಾಸರಿನ ಮೇಲೆ ಕಟಕಟ ಅನ್ನುವಷ್ಟು. ನನ್ನ ಕೈಯನ್ನು ಅವಳೂ ನೋಡಿದಳು.

"ನೀವು ಸುಮ್ಕೆ ಕೂತ್ಕಳಿ. ಇದು ಗೂಡಿನ ಕೆಲ್ಸಾನೇ," ಅಂದಳು. "ಗೂಡ್ನೂ ಅಂಗೇ, ಎಳದ್ರೆ ಬರಕಿಲ್ಲ. ನೀರು ಬಿಚ್ಬೇಕು."

ಎರಡನೇ ಬೇಸಿನ್ನಿನ ಹೆಂಗಸು ಡಬ್ಬಿ ಹಿಡಿದು ನೋಡಲು ಬಂದಿದ್ದಳು. "ಬ್ಯಾಡ ಕಣಕ್ಕ. ನಾಯಿಮರಿ ಕಣ್ಣ ಮನುಷ್ರು ಬಿಡ್ಸಿದ್ರೆ, ಬಿಡ್ಸ್ದೋರ ಕಣ್ಣು ಓಯ್ತದಂತೆ," ಅಂದಳು.

"ಎರಡು ಅವೆಯಲ್ಲ, ಒಂದು ಓಗ್ಲಿ ಬುಡು."

ತಾಯಿ ನಾಯಿಗೆ ಬನ್ನು ಹಾಕಿ ಆಚೆ ಕಟ್ಟಿದೆವು. ಅವಳು ಹಿತ್ತಲ ಜಗಲಿಯಲ್ಲಿ ಕೂತು, ಮರಿಯನ್ನು ನನ್ನ ಹಳೆಯ ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಕುದಿಸಿದ ನೀರು ಪಾತ್ರೆಯಲ್ಲಿತ್ತು. ಅವಳು ಬೆರಳಿಟ್ಟು ನೋಡಿದಳು, ತಲೆಯಾಡಿಸಿದಳು, ಹತ್ತಿ ಅದ್ದಿ ಹಿಂಡಿ ಎಡಗಣ್ಣಿನ ರೆಪ್ಪೆಯ ಮೇಲೆ ಇಟ್ಟಳು.

ಮರಿ ಕಿರುಚಿತು. ಅಂಗೈಯಷ್ಟು ಜೀವ, ಆ ಕೂಗಿಗೆ ಶೆಡ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ಹತ್ತಿ ಕಿತ್ತುಕೊಂಡೆ. ಕೈ ಸುಟ್ಟಿತು. ಅಷ್ಟು ಬಿಸಿ ನೀರು. ಅದನ್ನು ಅವಳು ಬೆರಳಿಟ್ಟು ನೋಡಿ ಸರಿ ಅಂದಿದ್ದಳು.

ಅವಳು ತನ್ನ ಬೆರಳನ್ನೇ ನೋಡುತ್ತ ಕೂತಿದ್ದಳು.

"ನಿನಗೆ ಬಿಸಿ ಗೊತ್ತಾಗಲಿಲ್ಲವಾ?"

"ಎಷ್ಟೋ ವರ್ಸ ಆಯ್ತು," ಅಂದಳು ಮೆಲ್ಲಗೆ. "ಬೆರಳಲ್ಲಿ ಏನೂ ತಿಳಿಯಕಿಲ್ಲ. ಎಲ್ರೂ ಇಡ್ತಾರಲ್ಲ ಅಂತ ಇಟ್ಟೆ. ಎಳೆ ನಾನು ಕಣ್ಣಲ್ಲೇ ಹಿಡಿಯಾದು. ಸಾಮೇರ್ಗೆ ಯೋಳ್ಬ್ಯಾಡಿ ಟೀಚ್ರಮ್ಮ. ಗೊತ್ತಾದ್ರೆ ಬೇಸಿನ್ ಬುಡಿಸಿ ಕಸ ಆಯಕ್ಕೆ ಆಕ್ತಾರೆ."

ಹೇಳುವುದಿಲ್ಲ ಅಂದೆ. ಪ್ರಾಮಿಸ್ ಅಂತಲೂ ಅಂದೆ.

ಮರಿಯ ರೆಪ್ಪೆಯ ಮೇಲೆ ಕೆಂಪಗೆ ಒಂದು ಗುರುತಾಗಿತ್ತು, ಅಷ್ಟೇ. ಅವಳು ಅದಕ್ಕೆ ಊದಿದಳು, ಮತ್ತೆ ಊದಿದಳು. ಆಮೇಲೆ ಟವೆಲನ್ನು ಸರಿಪಡಿಸಿಕೊಂಡು ಕೂತಳು. "ನೀರು ನೀವು ನೋಡಿ. ಬಿಡ್ಸಾದು ನಾನು."

ಕಾನ್ವೆಂಟಿನಲ್ಲಿ ಕಾಯಿಲೆಯ ಮಕ್ಕಳನ್ನು ಮಲಗಿಸುವ ಇನ್ಫರ್ಮರಿಯಲ್ಲಿ ಒಬ್ಬ ಮುದುಕಿ ಸಿಸ್ಟರ್, ಮಕ್ಕಳ ಹಾಲಿನ ಬಿಸಿಯನ್ನು ಮಣಿಕಟ್ಟಿನ ಒಳಬದಿಗೆ ಒಂದು ಹನಿ ಬಿಟ್ಟು ನೋಡುತ್ತಿದ್ದರು. ನಾನೂ ಹಾಗೇ ನೋಡಿದೆ. ತಣ್ಣೀರು ಬೆರೆಸಿದೆ. ಹನಿ ಬಿಟ್ಟೆ. "ಸರಿ" ಅಂದೆ. ಅವಳು ಹತ್ತಿ ಅದ್ದಿ ಇಟ್ಟಳು. ಆರಿತು. ಮತ್ತೆ ಹನಿ, ಮತ್ತೆ "ಸರಿ". ಎಷ್ಟು ಸಲವೋ. ನನ್ನ ಕೈ ನಡುಗುತ್ತಿದ್ದರೂ ಬಿಸಿ ಗೊತ್ತಾಗುತ್ತಿತ್ತು; ಅವಳ ಕೈಗೆ ಬಿಸಿ ಗೊತ್ತಾಗದಿದ್ದರೂ ಅದು ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಇಬ್ಬರು ಮುದುಕಿಯರು ಸೇರಿ ಒಂದು ಕೈ ಆದೆವು.

ಬಿಡುವಿನ ಸಮಯ ಮುಗಿಯಿತು. ಯಂತ್ರ ಶುರುವಾದ ಸದ್ದು ಕೇಳಿತು. ಅವಳು ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಮೈದುನ ಹಿತ್ತಲಿಗೆ ಬಂದ.

"ಏನಮ್ಮ, ಮೂರನೇ ಬೇಸಿನ್ ಖಾಲಿ ಓಡ್ತಾ ಐತೆ."

"ತುದಿ ಸಿಕ್ಕೈತೆ ಸಾಮೇರೆ. ಈಗ ಬುಡಕ್ಕಾಗಕಿಲ್ಲ," ಅಂದಳು, ತಲೆಯೆತ್ತದೆ. ಬಲಗಣ್ಣಿನ ಮೂಲೆಯಲ್ಲಿ ಸಾಸಿವೆಯಷ್ಟು ಸಂದು ಕಂಡಿತ್ತು. ನೂಲು ಬಿಚ್ಚುವವರಲ್ಲಿ ಒಂದು ರೂಢಿ. ಗೂಡಿನ ತುದಿ ಸಿಕ್ಕ ಮೇಲೆ ಯಾರು ಕರೆದರೂ ಕೈಬಿಟ್ಟು ಏಳುವುದಿಲ್ಲ. ಅದನ್ನು ಅವಳಿಗೆ ಹೇಳಿಕೊಟ್ಟವರು ನನ್ನ ಮಾವ, ಈ ಮೈದುನನ ತಂದೆಯೇ.

"ನಾಯಿಗೂ ಗೂಡಿಗೂ ಏನಮ್ಮ ಸಂಬಂಧ? ಈಗ ಏಳ್ದಿದ್ರೆ ನಾಳೆಯಿಂದ ಬರಬ್ಯಾಡ."

"ನಾಳೆ ಮಾತು ನಾಳೀಕೆ."

ನನಗೆ ಸಿಟ್ಟು ಬಂತು. ಜೀವನವಿಡೀ ಪ್ರಾಪರ್ ಆಗಿ ನಡೆದುಕೊಂಡವಳು ನಾನು. ಸಿಟ್ಟು ಬಂದಾಗ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. "ಅವಳಿಗೆ ಯಾವ ಬಾಯಲ್ಲಿ ಬರಬೇಡ ಅಂತೀಯಪ್ಪ?" ಅಂದೆ. "ನಿನ್ನ ಬೇಸಿನ್ನಿಗೆ ಕೈಯಿಟ್ಟು ಇಟ್ಟು ಅವಳ ಬೆರಳು ಸತ್ತು ಹೋಗಿದೆ. ಕುದಿಯೋ ನೀರೂ ಗೊತ್ತಾಗಲ್ಲ. ಡೂ ಯು ಈವನ್ ನೋ ದಟ್?"

ಹೇಳಿ ಮುಗಿಸುವ ಮೊದಲೇ ತಿಳಿಯಿತು ಏನು ಮಾಡಿದೆನೆಂದು. ಮೈದುನ ಅವಳ ಕೈಯನ್ನು ನೋಡಿದ. ಶೆಡ್ಡಿನ ಕಡೆ ಹೊರಟುಹೋದ. ಅವಳು ನನ್ನತ್ತ ನೋಡಲೂ ಇಲ್ಲ.

"ನೀರು ನೋಡಿ," ಅಂದಳು.

ಬಲಗಣ್ಣು ಮೊದಲು ಬಿಟ್ಟಿತು. ಕೀವು ತೊಳೆದ ಮೇಲೆ ಒಳಗೆ ಕಡುನೀಲಿ, ಒದ್ದೆ, ಹೊಳೆಯುವ ಒಂದು ಮಣಿ. ಎಡಗಣ್ಣಿಗೆ ಇನ್ನೂ ಮುಕ್ಕಾಲು ಗಂಟೆ ಹಿಡಿಯಿತು. ಅದರಲ್ಲಿ ಕೀವು ಹೆಚ್ಚು. ತೊಳೆದ ಮೇಲೂ ಮೇಲೆ ಬೂದು ಪೊರೆಯೊಂದು ಉಳಿದಿತ್ತು. ನಮ್ಮ ಕಡೆ ಅದನ್ನು ಕಣ್ಣಿಗೆ ಹೂ ಬಿದ್ದಿದೆ ಅನ್ನುತ್ತಾರೆ. ಮುಲಾಮು ಹಾಕಿ ಎದ್ದಾಗ ಅವಳ ಕಾಲು ಜೋಮು ಹಿಡಿದಿತ್ತು. ಗೋಡೆ ಹಿಡಿದು ನಿಂತು, ಆಗ ಹೇಳಿದಳು.

"ಅಷ್ಟು ಇಂಗ್ಲೀಷ್ ಕಲ್ಸಿದೋರು, ಗುಟ್ಟು ಮಡಗಾದು ಒಂದು ಕಲಿಸ್ಲಿಲ್ವಾ ನಿಮ್ಗೆ?"

ಮಾರನೆಯ ದಿನ ಶನಿವಾರ, ಎಂಟಕ್ಕೆ ಹತ್ತು ನಿಮಿಷ ಇರುವಾಗ ಅವಳು ಮುಂದಿನ ಗೇಟಿನಿಂದಲೇ ಬಂದಳು. ಶೆಡ್ಡಿನಲ್ಲಿ ಮೂರನೇ ಬೇಸಿನ್ನಿಗೆ ಬೇರೆ ಹೆಂಗಸನ್ನು ಕೂರಿಸಿದ್ದರು. ಇವಳಿಗೆ ಮೂಲೆಯಲ್ಲಿ ಕಸ ಆಯುವ ಕೆಲಸ. ಇವಳು ಆ ಹೆಂಗಸಿನ ಹೆಗಲು ತಟ್ಟಿ, "ಏಳವ್ವ, ನಿನ್ ಜಾಗ ಅಲ್ಲೈತೆ" ಅಂದು ಎಬ್ಬಿಸಿ ಕೂತಳು. ಎಂದಿನಂತೆ ಕೆಲಸ ಮಾಡಿದಳು. ಸಂಜೆ ನೂಲಿನ ಲಡಿಯನ್ನು ತೆಗೆದುಕೊಂಡು ಹೋಗಿ ಮೈದುನನ ಮೇಜಿನ ಮೇಲೆ ಇಟ್ಟಳು. ನಾನು ಬಾಗಿಲಲ್ಲೇ ನಿಂತಿದ್ದೆ.

"ಇದ್ರಲ್ಲಿ ಎಲ್ಲಿ ನಂಗೆ ಬಿಸಿ ಗೊತ್ತಾಗಿಲ್ಲ, ತೋರ್ಸಿ ಸಾಮೇರೆ."

ಅವನು ಲಡಿಯನ್ನು ಬೆಳಕಿಗೆ ಹಿಡಿದ. ತುಂಬ ಹೊತ್ತು ನೋಡಿದ. ಒಂದು ಗಂಟು ಹೆಚ್ಚಿರಲಿಲ್ಲ, ಒಂದು ಎಳೆ ದಪ್ಪವಿರಲಿಲ್ಲ. "ಇಟ್ಟು ಹೋಗಮ್ಮ," ಅಂದ. ಮೂರನೇ ಬೇಸಿನ್ನಿನ ಮಾತು ಅಲ್ಲಿಗೆ ಮುಗಿಯಿತು.

ಅದೇ ಸಂಜೆ ಡಾಕ್ಟರ್ ಬಂದಳು. ಟಾರ್ಚ್ ಬಿಟ್ಟು ನೋಡಿ, ಬಲಗಣ್ಣು ಉಳಿಯಿತು ಅಂದಳು. ಎಡಗಣ್ಣಿನ ಹೂ ಹೋಗುವುದು ಕಷ್ಟ.

"ಹತ್ತಿ ಬಿಸಿಯಾಗಿತ್ತು ಡಾಕ್ಟ್ರಮ್ಮ," ಅಂದಳು ಇವಳು. "ಎಡದ ಕಡೆಗೇ ಇಟ್ಟಿದ್ದು."

"ಅದರಿಂದ ಅಲ್ಲಮ್ಮ. ರೆಪ್ಪೆ ಮುಚ್ಚಿತ್ತು, ಒಂದು ಕ್ಷಣಕ್ಕೆ ಒಳಗೇನೂ ಆಗಲ್ಲ. ಇದು ಕೀವಿನಿಂದ ಆಗಿದ್ದು," ಅಂದಳು ಡಾಕ್ಟರ್. ಆಮೇಲೆ ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಇಂಗ್ಲೀಷಿನಲ್ಲಿ ಹೇಳಿದಳು: "ತ್ರೀ ಡೇಸ್ ಅರ್ಲಿಯರ್ ಅಂಡ್ ಬೋತ್ ವುಡ್ ಹ್ಯಾವ್ ಬೀನ್ ಫೈನ್, ಮಿಸ್."

"ಏನಂದ್ರು?" ಅಂದಳು ಅವಳು.

ಮೂರು ದಿನ ಮೊದಲು ಮಾಡಿದ್ದರೆ ಎರಡೂ ಕಣ್ಣು ಉಳಿಯುತ್ತಿದ್ದವು ಅಂದಿದ್ದಳು ನನ್ನ ವಿದ್ಯಾರ್ಥಿನಿ. "ನಿನ್ನ ಕೈ ಚೆನ್ನಾಗಿದೆ ಅಂದರು," ಅಂದೆ ನಾನು.

ಹತ್ತಿಯಿಂದ ಅಲ್ಲ ಅಂದ ಡಾಕ್ಟರನ್ನು ಅವಳು ನಂಬಲಿಲ್ಲ. ಮರಿಯ ಎಡಗಣ್ಣಿನ ಮೇಲೆ ಬೆರಳು ಆಡಿಸುತ್ತ ನಿಂತದ್ದು ನೋಡಿದರೆ ಗೊತ್ತಾಗುತ್ತಿತ್ತು.

ಸೋಮವಾರ ಗಾಡಿ ಬಂತು. ಮೈದುನ ಮರಿಯನ್ನು ನೋಡಲು ಹಿತ್ತಲಿಗೆ ಬಂದ. ಚೀಲ ಅವನ ಕೈಯಲ್ಲೇ ಇತ್ತು. ಎಡಗಣ್ಣಿನ ಮುಂದೆ ಬೆರಳಾಡಿಸಿದ, ಮರಿ ಮಿಸುಕಲಿಲ್ಲ.

"ಕಾಣಲ್ವಲ್ಲಮ್ಮ."

ಅವಳು ಸೊಂಟದಿಂದ ಒಂದು ರೇಷ್ಮೆ ಎಳೆ ತೆಗೆದು ಬಲಗಣ್ಣಿನ ಮುಂದೆ ಇಳಿಬಿಟ್ಟಳು. ಬೆಳಕಿಗೆ ಅದು ಹೊಳೆಯಿತು. ಎಳೆ ಹೋದ ಕಡೆಗೆಲ್ಲ ಮರಿಯ ತಲೆ ಹೋಯಿತು, ಹೋಗಿ ಹೋಗಿ ತೂಕ ತಪ್ಪಿ ಉರುಳಿತು.

"ಒಂದೇ ಕಣ್ಣಲ್ವಾ," ಅಂದ ಅವನು.

"ನೀವು ಲಡಿ ನೋಡ್ವಾಗ ಎಷ್ಟು ಕಣ್ಣು ಬುಟ್ಕೊಂಡು ನೋಡ್ತೀರಾ ಸಾಮೇರೆ?"

ಲಡಿಯನ್ನು ಬೆಳಕಿಗೆ ಹಿಡಿದಾಗ ಎಡಗಣ್ಣು ಮುಚ್ಚುವುದು ಅವನ ಹುಟ್ಟು ಅಭ್ಯಾಸ. ಶೆಡ್ಡಿನ ಹೆಂಗಸರೆಲ್ಲ ನಕ್ಕರು. ಅವನೂ ನಗು ತಡೆಯಲು ಮೀಸೆ ಒರೆಸಿಕೊಂಡ. ಚೀಲವನ್ನು ಸೌದೆಯ ಮೇಲೆ ಎಸೆದು ಹೋದ. ಮರಿ ನನ್ನ ಜಗಲಿಯಲ್ಲಿ ಉಳಿಯಿತು. ಸೋಮವಾರ ಗೆದ್ದದ್ದಕ್ಕೆ ಅವಳು ಅದಕ್ಕೆ ಸೋಮಿ ಅಂತ ಹೆಸರಿಟ್ಟಳು. ಮೈದುನನ ಕಿಟಕಿಯ ಕೆಳಗೆ ನಿಂತು ದಿನಾ ಜೋರಾಗಿ ಕರೆಯುವಳು.

ಅವಳ ಎರಡು ಕಣ್ಣೂ ಚೆನ್ನಾಗಿಯೇ ಇದ್ದವು. ಎರಡನೇ ಬೇಸಿನ್ನಿನವಳಿಗೆ ಆಗಾಗ ರೆಪ್ಪೆ ಅಗಲಿಸಿ ತೋರಿಸುವಳು.

ಎರಡು ವರ್ಷದ ಹಿಂದೆ ಶೆಡ್ಡಿಗೆ ಆಟೋಮ್ಯಾಟಿಕ್ ಯಂತ್ರ ಬಂತು, ಬೇಸಿನ್ನುಗಳು ಹೋದವು. ಗುಡಿಸುವ ಕೆಲಸಕ್ಕೆ ಇರಮ್ಮ ಅಂತ ಮೈದುನ ಒಳ್ಳೆಯ ಮನಸ್ಸಿನಿಂದಲೇ ಕೇಳಿದ. "ಪೊರಕೆ ಹಿಡಿಯಕ್ಕೆ ನಮ್ಮನೇಲೂ ಜಾಗ ಐತೆ" ಅಂದು ಹೋದಳು. ಆಮೇಲೂ ಎರಡು ಮೂರು ತಿಂಗಳಿಗೊಮ್ಮೆ ರೈಲು ಹತ್ತಿ ಬರುವಳು. ನನ್ನನ್ನು ನೋಡಲು ಬರುತ್ತಾಳೆ ಅಂತ ನಾನು ಅಂದುಕೊಳ್ಳುತ್ತಿದ್ದೆ. ಬಂದವಳು ನೆಟ್ಟಗೆ ಹಿತ್ತಲಿಗೆ ಹೋಗಿ ಸೋಮಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಎಡಗಣ್ಣಿನ ಮುಂದೆ ಒಂದು ಎಳೆ ಇಳಿಬಿಡುವಳು. ಶೆಡ್ಡಿನಲ್ಲಿದ್ದಾಗಲೂ ಹೀಗೇ, ಬಿಟ್ಟ ಮೇಲೂ ಹೀಗೇ, ಎಂಟು ವರ್ಷ. ನಾಯಿ ಸುಮ್ಮನೆ ಕೂತಿರುವುದು. ಒಂದು ಸಲವೂ ತಲೆ ತಿರುಗಿಸಲಿಲ್ಲ.

ಕೊನೆಯ ಸಲ ಬಂದದ್ದು ಹೋದ ಕಾರ್ತಿಕದಲ್ಲಿ. ತುಂಬ ಬಡಕಲಾಗಿದ್ದಳು. ಮೆಟ್ಟಿಲು ಹತ್ತಲು ಎರಡು ಸಲ ನಿಂತಳು. ಕಾಫಿ ಬೇಡ ಅಂದಳು, ಆಮೇಲೆ ಕುಡಿದಳು. ಸೋಮಿಯನ್ನು ಕರೆದು ಸೀರೆಯ ಅಂಚಿನಿಂದ ಒಂದು ನೂಲು ಕಿತ್ತು ಇಳಿಬಿಟ್ಟಳು. ಆ ಕಡೆ, ಈ ಕಡೆ. ನಾಯಿ ಅಲ್ಲಾಡಲಿಲ್ಲ.

"ಒಸಿ ತೆಳ್ಳಗಾಗೈತೆ ಟೀಚ್ರಮ್ಮ, ನೋಡಿ."

ನಾನು ಬಗ್ಗಿ ನೋಡಿದೆ. ಆ ಬೂದು ಪೊರೆ ಮೊದಲ ದಿನ ಹೇಗಿತ್ತೋ ಹಾಗೇ ಇತ್ತು. ಹೌದು ಅಂದುಬಿಡಬಹುದಿತ್ತು. ಅವಳ ಉಸಿರು ಕೇಳುತ್ತಿತ್ತು. ಇನ್ನು ತಡ ಮಾಡಬಾರದು ಅನ್ನಿಸಿತು.

"ಅದು ನಿನ್ನ ಹತ್ತಿಯಿಂದ ಆದದ್ದಲ್ಲ," ಅಂದೆ. "ನಾನು ಮೂರು ದಿನ ಸುಮ್ಮನೆ ಕೂತೆನಲ್ಲ, ಅದರಿಂದ ಆದದ್ದು. ಡಾಕ್ಟರ್ ಅವತ್ತು ಇಂಗ್ಲೀಷಿನಲ್ಲಿ ಹೇಳಿದ್ದು ಅದನ್ನೇ. ನಾನು ನಿನಗೆ ಸುಳ್ಳು ಹೇಳಿದೆ."

ಅವಳು ನೂಲನ್ನು ಬೆರಳಿಗೆ ಸುತ್ತಿಕೊಂಡಳು. ಸುತ್ತಿದ್ದನ್ನು ಬಿಚ್ಚಿದಳು. ಸಿಟ್ಟಾಗುತ್ತಾಳೆ ಅಂತ ಕಾದೆ. ಆಗಲಿ ಅಂತಲೂ ಕಾದೆ.

"ನಿಮ್ಮ ಮೂರು ದಿನಾನೋ, ನನ್ನ ಒಂದು ಹತ್ತೀನೋ, ಯಾವ್ದಾರಾ ಆಗ್ಲಿ," ಅಂದಳು. "ಆವತ್ತೇ ನೀವೆಲ್ಲ ಅದು ಓಯ್ತು ಅಂತ ಬುಟ್ಬುಟ್ರಿ. ನಾನು ಬುಟ್ಟಿಲ್ಲ."

ನಾಯಿಯ ಮುಖವನ್ನು ಬೆಳಕಿನ ಕಡೆ ತಿರುಗಿಸಿ, ನೂಲನ್ನು ಇನ್ನೊಂದು ಸಲ ಇಳಿಬಿಟ್ಟಳು.

ರೈಲಿನ ಹೊತ್ತಾಯಿತು ಅಂತ ಎದ್ದಳು. ಆಟೋ ಕರೆಸುತ್ತೇನೆ ಅಂದರೆ ಕೈಯಾಡಿಸಿದಳು. ಸೋಮಿ ಅವಳ ಹಿಂದೆ ಗೇಟಿನವರೆಗೆ ಹೋಗಿ ನಿಂತಿತು. ನಾನೂ ಹೋಗಿ ನಿಂತೆ. ಗೂಡಿನ ಮಾರ್ಕೆಟ್ಟಿನಿಂದ ಲಾರಿಯೊಂದು ಬರುತ್ತಿತ್ತು. ಅವಳು ರಸ್ತೆಯ ನಟ್ಟನಡುವೆ ನಡೆಯುತ್ತಿದ್ದಳು. ಲಾರಿಯವನು ಒಂದು ಸಲ ಹಾರ್ನ್ ಹೊಡೆದ, ಎರಡು ಸಲ ಹೊಡೆದ. ಅವಳು ಪಕ್ಕಕ್ಕೆ ಸರಿಯಲಿಲ್ಲ, ತಿರುಗಿಯೂ ನೋಡಲಿಲ್ಲ. ಬೀದಿಯ ತಿರುವಿನವರೆಗೂ ಲಾರಿ ಅವಳ ಹಿಂದೆ, ಅವಳ ನಡಿಗೆಯಲ್ಲೇ ಹೋಯಿತು.